ಪ್ರೋಟೀನ್‌ಗೆ ಕೊಬ್ಬಿನ ಬಾಲ ಅಂಟಿದೆಯೇ? ಪಾಲ್ಮಿಟಾಯ್ಲೇಶನ್ ಪತ್ತೆಹಚ್ಚುವ ಸಮಗ್ರ ಮಾರ್ಗದರ್ಶಿ

"ಎರಡೂ ಲೇನ್‌ಗಳಲ್ಲಿ ಒಂದೇ ದಪ್ಪದ ಬ್ಯಾಂಡ್ ಬಂದಿದೆ, ಏನು ಮಾಡಲಿ?" ಪಾಲ್ಮಿಟಾಯ್ಲೇಶನ್ (ಪ್ರೋಟೀನ್‌ಗೆ ಪಾಲ್ಮಿಟೇಟ್ ಎಂಬ ಕೊಬ್ಬು ಅಂಟುವುದು) ಪರೀಕ್ಷೆಗೆ ಕೈಹಾಕಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಬರುವುದು, "ಯಾವ ಲೇನ್‌ನಲ್ಲೂ ಏನೂ ಇಲ್ಲ." ಇಬ್ಬರೂ ಬ್ಲಾಟ್ ಅನ್ನು (ಪ್ರೋಟೀನ್‌ಗಳನ್ನು ಆಂಟಿಬಾಡಿಯಿಂದ ಬ್ಯಾಂಡ್‌ಗಳಾಗಿ ತೋರಿಸುವ ಹಾಳೆ) ದೂರುತ್ತಾರೆ, ಹೊಸ ಆಂಟಿಬಾಡಿ ತರಿಸುತ್ತಾರೆ. ತಪ್ಪು ಆಗಿರುವುದು ಸಾಮಾನ್ಯವಾಗಿ ಹಿಂದಿನ ದಿನ, ಕೋಶ ಒಡೆದ ಮೊದಲ ಎರಡು ಗಂಟೆಯಲ್ಲಿ.

ಪಾಲ್ಮಿಟೇಟ್ 16 ಇಂಗಾಲದ ಕೊಬ್ಬಿನಾಮ್ಲ. ಪ್ರೋಟೀನ್‌ನ ತೂಕಕ್ಕೆ ಅದು ಸೇರಿಸುವುದು ಸುಮಾರು 238 ಡಾಲ್ಟನ್ ಮಾತ್ರ. ಜೆಲ್‌ನಲ್ಲಿ ಬ್ಯಾಂಡ್ ಮೇಲೇರಿದ್ದು ಕಾಣುವುದಿಲ್ಲ. ಫಾಸ್ಫೇಟ್‌ಗೆ ಇರುವಂತೆ ನಂಬಿ ಬಳಸಬಹುದಾದ ಆಂಟಿಬಾಡಿಯೂ ಇದಕ್ಕಿಲ್ಲ. ಹಾಗಾಗಿ ಸುತ್ತಿ ಬಳಸಿ ಹೋಗಬೇಕು. ಮೊದಲು ಖಾಲಿ ಇರುವ ಸಿಸ್ಟೀನ್‌ಗಳನ್ನೆಲ್ಲ (ಕೊಬ್ಬು ಅಂಟುವ, ಗಂಧಕವಿರುವ ಅಮೈನೋ ಆಮ್ಲ) ಮುಚ್ಚಿಬಿಡುವುದು, ಆಮೇಲೆ ಕೊಬ್ಬನ್ನು ಕತ್ತರಿಸುವುದು, ಹೊಸದಾಗಿ ಬಯಲಾದ ಸಿಸ್ಟೀನ್‌ಗೆ ಬಯೋಟಿನ್ ಅಂಟಿಸಿ ಹಿಡಿಯುವುದು. ನಾವು ನೋಡುವುದು ಕೊಬ್ಬನ್ನಲ್ಲ, ಅದು ಕೂತಿದ್ದ ಜಾಗವನ್ನು. ಅಸೈಲ್-ಬಯೋಟಿನ್ ವಿನಿಮಯ ಎನ್ನುವುದು ಇದನ್ನೇ.

ಕತ್ತರಿಸದ ಟ್ಯೂಬ್ ಒಂದನ್ನು ಜೊತೆಗಿಟ್ಟುಕೊಂಡೇ ಹೋಗಬೇಕು. ಇನ್ನು ಮುಂದೆ ಕೊಬ್ಬು ಕತ್ತರಿಸುವ ಹೈಡ್ರಾಕ್ಸಿಲಮೈನ್ ಹಾಕಿದ್ದನ್ನು ಪ್ಲಸ್ ಟ್ಯೂಬ್, ಹಾಕದ್ದನ್ನು ಮೈನಸ್ ಟ್ಯೂಬ್ ಎನ್ನುತ್ತೇನೆ. ಮೈನಸ್ ಲೇನ್ ಇಲ್ಲದ ಬ್ಲಾಟ್ ಅನ್ನು ನಾನಂತೂ ನೋಡುವುದೇ ಇಲ್ಲ.

## ಹಂತ 1: ಬಂಧ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ

ಈ ಪರೀಕ್ಷೆ ಹಿಡಿಯುವುದು ಥಯೋಎಸ್ಟರ್ ಬಂಧವನ್ನು (ಕೊಬ್ಬಿನಾಮ್ಲ ಸಿಸ್ಟೀನ್‌ನ ಗಂಧಕಕ್ಕೆ ಅಂಟಿದ ಬಂಧ) ಮಾತ್ರ. ಕೊಬ್ಬು ಅಂಟಿದ ಪ್ರೋಟೀನ್ ಎಂದಾಕ್ಷಣ ಇದೇ ಪರೀಕ್ಷೆ ಮಾಡಹೊರಟರೆ ವಾರಗಟ್ಟಲೆ ಹಾಳಾಗುತ್ತದೆ.

ಮಿರಿಸ್ಟಾಯ್ಲೇಶನ್‌ನಲ್ಲಿ 14 ಇಂಗಾಲದ ಕೊಬ್ಬು ಆರಂಭದ ಮಿಥಿಯೋನಿನ್ ಕಳಚಿದ ಮೇಲೆ ಬಯಲಾಗುವ ಗ್ಲೈಸಿನ್‌ಗೆ ಅಮೈಡ್ ಬಂಧದಿಂದ ಅಂಟುತ್ತದೆ. ಹೈಡ್ರಾಕ್ಸಿಲಮೈನ್ ಅದನ್ನು ಅಲುಗಾಡಿಸುವುದಿಲ್ಲ. 15 ಇಂಗಾಲದ ಫಾರ್ನೆಸಿಲ್, 20 ಇಂಗಾಲದ ಜೆರಾನಿಲ್‌ಜೆರಾನಿಲ್ ಗುಂಪುಗಳು ಸಿಸ್ಟೀನ್‌ಗೇ ಅಂಟಿದರೂ ಅವುಗಳದು ಥಯೋಈಥರ್ ಬಂಧ, ಅದೂ ಜಗ್ಗುವುದಿಲ್ಲ. ಹೆಡ್ಜ್‌ಹಾಗ್ ಪ್ರೋಟೀನ್‌ಗೆ ಅಂಟುವುದು ಪಾಲ್ಮಿಟೇಟೇ ಆದರೂ ಅಮೈಡ್ ಬಂಧದಲ್ಲಿ. ವಿಂಟ್ ಪ್ರೋಟೀನ್‌ಗಳ ಕೊಬ್ಬು ಕೂರುವುದು ಸೆರಿನ್ ಮೇಲೆ. ಇವೆರಡೂ ಇಲ್ಲಿ ಸಿಗುವುದಿಲ್ಲ.

ನಿಮ್ಮ ಪ್ರೋಟೀನ್‌ನ ಸರಣಿ ತೆರೆದು ನೋಡಿ. ಪೊರೆಯ ಒಳಗೆ ತೂರುವ ಭಾಗದ ಪಕ್ಕದಲ್ಲೋ, ಮಿರಿಸ್ಟಾಯ್ಲ್ ಆಗುವ ಗ್ಲೈಸಿನ್‌ನ ಹತ್ತಿರವೋ, ಕೊನೆಯ ಸಿಎಎಕ್ಸ್ ತುಣುಕಿನ (ಫಾರ್ನೆಸಿಲ್‌ನಂಥ ಗುಂಪು ಅಂಟುವ, ಸಿಸ್ಟೀನ್‌ನಿಂದ ಶುರುವಾಗುವ ನಾಲ್ಕು ಅಮೈನೋ ಆಮ್ಲ) ಮುಂಚೆಯೋ ಸಿಸ್ಟೀನ್‌ಗಳಿದ್ದರೆ ಪರೀಕ್ಷಿಸುವುದು ಸಾರ್ಥಕ. ಸಿಸ್ಟೀನೇ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ.

## ಹಂತ 2: ಟ್ಯಾಗ್ ಎಲ್ಲಿ ಕೂರಬೇಕು

ಆರಂಭದ ಗ್ಲೈಸಿನ್‌ಗೆ ಕೊಬ್ಬು ಅಂಟಬೇಕಾದ ಪ್ರೋಟೀನ್‌ಗೆ ಆರಂಭದ ತುದಿಯಲ್ಲೇ ಟ್ಯಾಗ್ (ಆಂಟಿಬಾಡಿ ಗುರುತಿಸಲೆಂದು ಸೇರಿಸುವ ತುಣುಕು) ಇಟ್ಟರೆ ಗ್ಲೈಸಿನ್ ಒಳಗೆ ಹೂತುಹೋಗುತ್ತದೆ. ಸಿಎಎಕ್ಸ್ ಇರುವ ಪ್ರೋಟೀನ್‌ಗೆ ಕೊನೆಯಲ್ಲಿ ಟ್ಯಾಗ್ ಇಟ್ಟರೆ ಫಾರ್ನೆಸಿಲ್ ಅಂಟುವುದಿಲ್ಲ. ಮೊದಲ ಕೊಬ್ಬು ತಪ್ಪಿದರೆ ಪಾಲ್ಮಿಟೇಟ್ ಕೂಡ ತಪ್ಪುತ್ತದೆ, ಯಾಕೆಂದರೆ ಪಾಲ್ಮಿಟೇಟ್ ಅಂಟಿಸುವ ಡಿಎಚ್‌ಎಚ್‌ಸಿ ಕಿಣ್ವಗಳು ಪೊರೆಯಲ್ಲೇ ಹುದುಗಿರುವಂಥವು. ಮಾನವರಲ್ಲಿ 23 ಇವೆ. ಪೊರೆಯ ಹತ್ತಿರಕ್ಕೇ ಬಾರದ ಪ್ರೋಟೀನ್ ಅವುಗಳ ಕೈಗೆ ಸಿಗುವುದಾದರೂ ಹೇಗೆ?

ಟ್ಯಾಗ್ ಚಿಕ್ಕದಿರಲಿ, ಅದರಲ್ಲಿ ಸಿಸ್ಟೀನ್ ಇಲ್ಲದಿರಲಿ. ಎಚ್‌ಎ, ಫ್ಲ್ಯಾಗ್ ಎರಡೂ ಆದೀತು. ಹಸಿರು ಹೊಳೆಯುವ ಜಿಎಫ್‌ಪಿಯಲ್ಲಿ ಎರಡು ಸಿಸ್ಟೀನ್‌ಗಳಿವೆ. ಅವು ಮಡಿಕೆಯೊಳಗೆ ಅಡಗಿದ್ದು ಮುಚ್ಚುವ ಹಂತದಲ್ಲಿ ತಪ್ಪಿಸಿಕೊಂಡು, ಆಮೇಲೆ ಹೊರಬಂದು ಬಯೋಟಿನ್ ಹೊತ್ತುಕೊಳ್ಳುತ್ತವೆ.

## ಹಂತ 3: ಸಾಮಗ್ರಿ, ಮತ್ತು ಯಾವುದನ್ನು ಯಾವಾಗ ಕರಗಿಸಬೇಕು

ಬೇಕಾಗುವವು: ಡೈಸಲ್ಫೈಡ್ (ಎರಡು ಸಿಸ್ಟೀನ್‌ಗಳ ನಡುವಿನ ಬಂಧ) ಬಿಚ್ಚುವ ಟಿಸಿಇಪಿ, ಸಿಸ್ಟೀನ್ ಮುಚ್ಚುವ ಎನ್-ಈಥೈಲ್‌ಮಲಿಮೈಡ್ (ಮುಂದೆ ಎನ್‌ಇಎಂ), ಹೈಡ್ರಾಕ್ಸಿಲಮೈನ್ ಹೈಡ್ರೋಕ್ಲೋರೈಡ್, ಸಿಸ್ಟೀನ್‌ಗೆ ಅಂಟುವ ಎಚ್‌ಪಿಡಿಪಿ-ಬಯೋಟಿನ್, ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್ ಅಥವಾ ನ್ಯೂಟ್ರಾವಿಡಿನ್ ಮಣಿಗಳು, ಮೆಥನಾಲ್, ಕ್ಲೋರೋಫಾರ್ಮ್, ಎಸ್‌ಡಿಎಸ್ ಮತ್ತು ಟ್ರೈಟಾನ್ ಡಿಟರ್ಜೆಂಟ್‌ಗಳು, ಇಡಿಟಿಎ, ಎಚ್‌ಇಪಿಇಎಸ್ ಬಫರ್.

ಬಫರ್‌ಗಳನ್ನು ಹಿಂದಿನ ದಿನವೇ ಮಾಡಿಡಬಹುದು. ಎನ್‌ಇಎಂ ಮತ್ತು ಹೈಡ್ರಾಕ್ಸಿಲಮೈನ್ ಎರಡನ್ನು ಮಾತ್ರ ಬಳಸುವ ಹೊತ್ತಿಗೇ ಕರಗಿಸಿ. ಎನ್‌ಇಎಂ ಅನ್ನು ಎಥನಾಲ್‌ನಲ್ಲಿ ಕರಗಿಸಿ. ನೀರಿನಲ್ಲಿ ಅದು ತನ್ನಷ್ಟಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಫ್ರೀಜರ್‌ನಲ್ಲಿ ಉಳಿದಿದ್ದ ಹಳೆಯ ಸ್ಟಾಕ್ ಬಳಸಿದೆವು ಎನ್ನುವವರ ಬ್ಲಾಟ್‌ಗಳನ್ನು ನೋಡದೆಯೇ ಊಹಿಸಬಹುದು.

ಹೈಡ್ರಾಕ್ಸಿಲಮೈನ್ ಹೈಡ್ರೋಕ್ಲೋರೈಡ್ ಆಮ್ಲೀಯ. 10 ಮಿಲಿಲೀಟರ್‌ನ 2 ಮೋಲಾರ್ ದ್ರಾವಣಕ್ಕೆ 1.39 ಗ್ರಾಂ ತೂಗಿ, 6 ಮಿಲಿಲೀಟರ್‌ನಷ್ಟು ನೀರಲ್ಲಿ ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡ್ ಅನ್ನು ಹನಿಹನಿಯಾಗಿ ಹಾಕುತ್ತ ಪಿಎಚ್ 7.4ಕ್ಕೆ ತನ್ನಿ, ಆಮೇಲೆ 10ಕ್ಕೆ ತುಂಬಿಸಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಡ: ಪೊಟ್ಯಾಸಿಯಂ ಎಸ್‌ಡಿಎಸ್ ಜೊತೆ ಸೇರಿದರೆ ಮೊಸರಿನಂತೆ ಬಿಳಿ ಗಸಿ ಕಟ್ಟುತ್ತದೆ.

ಈ ಪಿಎಚ್ ವಿಷಯದಲ್ಲಿ ನಾನೇ ಮೂರು ವಾರ ಕಳೆದುಕೊಂಡಿದ್ದೇನೆ. ಬಾಟಲಿಯ ಮೇಲೆ "ಹೈಡ್ರಾಕ್ಸಿಲಮೈನ್, 2 ಮೋಲಾರ್" ಎಂದು ಬರೆದಿತ್ತು. ಮಾಡಿಟ್ಟವರು ಪಿಎಚ್ ಸರಿಪಡಿಸಿರಲಿಲ್ಲ, ನಾನು ಕೇಳಲಿಲ್ಲ. ಪ್ಲಸ್ ಲೇನ್ ಸತತ ನಾಲ್ಕು ಬಾರಿ ಖಾಲಿ ಬಂತು. ಕೊನೆಗೆ ಬೇಸರದಿಂದ ಪಿಎಚ್ ಕಾಗದವನ್ನು ಅದ್ದಿದರೆ ಅದು ಕೆಂಪಗಾಯಿತು. ಅಂದಿನಿಂದ ಬಳಸುವ ಮುನ್ನ ಒಂದು ಹನಿಯನ್ನು ಕಾಗದದ ಮೇಲೆ ಬಿಡದೆ ಮುಂದೆ ಹೋಗುವುದಿಲ್ಲ.

ಹೈಡ್ರಾಕ್ಸಿಲಮೈನ್ ವಿಷಕಾರಿ, ಚರ್ಮಕ್ಕೂ ಕೆಟ್ಟದ್ದು, ಬಿಸಿಯಾದರೆ ಸ್ಫೋಟಿಸುವ ಅಪಾಯವೂ ಇದೆ. ಕರಗುತ್ತಿಲ್ಲವೆಂದು ಹೀಟ್ ಬ್ಲಾಕ್ ಮೇಲಿಡಬೇಡಿ. ಕ್ಲೋರೋಫಾರ್ಮ್ ಕೆಲಸ ಫ್ಯೂಮ್ ಹುಡ್‌ನೊಳಗೇ ನಡೆಯಲಿ.

## ಹಂತ 4: ಕೋಶ ಒಡೆದು ಸಿಸ್ಟೀನ್‌ಗಳನ್ನು ಮುಚ್ಚುವುದು

ಇಡೀ ಪರೀಕ್ಷೆಯ ಅಳಿವು ಉಳಿವು ಇಲ್ಲಿದೆ. ನಿಧಾನವಾಗಿ ಮಾಡಿ.

ಕೋಶಗಳನ್ನು ತಣ್ಣನೆಯ ಉಪ್ಪುದ್ರಾವಣದಲ್ಲಿ ಎರಡು ಬಾರಿ ತೊಳೆದು, 2 ಶತಾಂಶ ಎಸ್‌ಡಿಎಸ್, 50 ಮಿಲಿಮೋಲಾರ್ ಎಚ್‌ಇಪಿಇಎಸ್, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 5 ಮಿಲಿಮೋಲಾರ್ ಇಡಿಟಿಎ ಇರುವ ಬಫರ್‌ನಲ್ಲಿ ಒಡೆಯಿರಿ. ಪಿಎಚ್ 7.2ರ ಆಸುಪಾಸು ಇರಲಿ. ಪಿಎಚ್ 7.5 ದಾಟಿದರೆ ಎನ್‌ಇಎಂ ಬೇಗ ಹಾಳಾಗುವುದಲ್ಲದೆ ಲೈಸಿನ್‌ಗಳಿಗೂ ಅಂಟತೊಡಗುತ್ತದೆ. ಎಸ್‌ಡಿಎಸ್ ಹಾಕಿದ ಮೇಲೆ ಟ್ಯೂಬ್ ಅನ್ನು ಮಂಜುಗಡ್ಡೆಯ ಮೇಲಿಡಬೇಡಿ, ಹರಳುಗಟ್ಟುತ್ತದೆ. ಡಿಎನ್‌ಎಯಿಂದ ಲೋಳೆಲೋಳೆಯಾದರೆ ಸಣ್ಣ ಸೂಜಿಯಲ್ಲಿ ಹತ್ತಾರು ಬಾರಿ ಎಳೆದು ಬಿಡಿ.

ಎಸ್‌ಡಿಎಸ್ ಯಾಕೆ? ಬರೀ ಟ್ರೈಟಾನ್‌ನಲ್ಲಿ ಒಡೆದರೆ ಪ್ರೋಟೀನ್‌ಗಳ ಮಡಿಕೆ ಬಿಚ್ಚಿಕೊಳ್ಳುವುದಿಲ್ಲ. ಒಳಗೆ ಅಡಗಿದ ಸಿಸ್ಟೀನ್‌ಗಳಿಗೆ ಎನ್‌ಇಎಂ ತಲುಪುವುದಿಲ್ಲ. ಮುಂದಿನ ಹಂತದಲ್ಲಿ ಎಸ್‌ಡಿಎಸ್ ತಾಗಿದಾಗ ಅವು ಬಯಲಾಗಿ, ಕೊಬ್ಬಿನ ಜಾಗವೆಂದು ಸುಳ್ಳು ಹೇಳುತ್ತವೆ. ಎರಡೂ ಲೇನ್‌ಗಳಲ್ಲಿ ಬ್ಯಾಂಡ್ ಬರುವುದಕ್ಕೆ ನಾನು ಕಂಡ ಕಾರಣಗಳಲ್ಲಿ ಇದೇ ಮೊದಲನೆಯದು.

ಈಗ ಪ್ರೋಟೀನ್ ಪ್ರಮಾಣ ಅಳೆಯಿರಿ. ಟಿಸಿಇಪಿ ಹಾಕಿದ ಮೇಲೆ ಬಿಸಿಎ ವಿಧಾನದ ಅಳತೆ ದಾರಿತಪ್ಪುತ್ತದೆ, ಅದಕ್ಕೇ ಮೊದಲೇ ಮಾಡುವುದು. 500 ಮೈಕ್ರೋಲೀಟರ್‌ನಲ್ಲಿ 1 ಮಿಲಿಗ್ರಾಂ ಪ್ರೋಟೀನ್ ಇರಲಿ.

10 ಮಿಲಿಮೋಲಾರ್ ಟಿಸಿಇಪಿ ಹಾಕಿ ಕೋಣೆಯ ಉಷ್ಣತೆಯಲ್ಲಿ 30 ನಿಮಿಷ ಬಿಡಿ, ಡೈಸಲ್ಫೈಡ್‌ಗಳು ಬಿಚ್ಚಿಕೊಳ್ಳಲಿ. ಬಳಿಕ ಎನ್‌ಇಎಂ 50 ಮಿಲಿಮೋಲಾರ್ ಆಗುವಷ್ಟು ಹಾಕಿ, ತಿರುಗಿಸುತ್ತ 2 ಗಂಟೆ. ಟಿಸಿಇಪಿ ಬದಲು ಡಿಟಿಟಿ ಅಥವಾ ಮರ್ಕ್ಯಾಪ್ಟೋಎಥನಾಲ್ ಬಳಸಬೇಡಿ. ಅವು ತಾವೇ (ಸಿಸ್ಟೀನ್‌ನಂತೆ) ಥಯೋಲ್‌ಗಳಾದ್ದರಿಂದ ಎನ್‌ಇಎಂ ಅನ್ನು ನುಂಗುತ್ತವೆ, ಮೇಲಾಗಿ ನೀವು ಹುಡುಕುತ್ತಿರುವ ಥಯೋಎಸ್ಟರ್ ಅನ್ನೂ ಕಡಿಯಬಲ್ಲವು. ರೆಡಿಮೇಡ್ ಬಫರ್ ಬಳಸುವವರು ಅದರೊಳಗೆ ಡಿಟಿಟಿ ಇದೆಯೇ ಎಂದು ಲೇಬಲ್ ಓದಿ.

## ಹಂತ 5: ಎನ್‌ಇಎಂ ಅನ್ನು ಪೂರ್ತಿ ತೊಳೆಯುವುದು

ಚೂರು ಎನ್‌ಇಎಂ ಉಳಿದರೂ ಹೊಸದಾಗಿ ಬಯಲಾಗುವ ಸಿಸ್ಟೀನ್‌ಗಳನ್ನು ಅದು ಮುಚ್ಚಿಬಿಡುತ್ತದೆ, ಪ್ಲಸ್ ಲೇನ್ ಖಾಲಿಯಾಗುತ್ತದೆ. ಕ್ಲೋರೋಫಾರ್ಮ್-ಮೆಥನಾಲ್ ವಿಧಾನದಲ್ಲಿ ಮೂರು ಬಾರಿ ತೊಳೆಯಿರಿ. ಎರಡು ಸಾಕೇ ಎಂದು ಕೇಳುವವರಿಗೆ ಉತ್ತರ: ಸಾಲದು.

500 ಮೈಕ್ರೋಲೀಟರ್ ಮಾದರಿಗೆ ಕ್ರಮವಾಗಿ 2 ಮಿಲಿಲೀಟರ್ ಮೆಥನಾಲ್, 0.5 ಮಿಲಿಲೀಟರ್ ಕ್ಲೋರೋಫಾರ್ಮ್, 1.5 ಮಿಲಿಲೀಟರ್ ನೀರು. ಪ್ರತಿಯೊಂದನ್ನು ಹಾಕಿದ ಮೇಲೂ ಚೆನ್ನಾಗಿ ಕದಡಿ. ಟ್ಯೂಬ್ ಪಾಲಿಪ್ರೊಪಿಲಿನ್‌ನದೇ ಆಗಿರಬೇಕು. ಗಾಜಿನಂತೆ ಪಾರದರ್ಶಕವಾಗಿರುವ ಪಾಲಿಸ್ಟೈರೀನ್ ಟ್ಯೂಬ್ ಕ್ಲೋರೋಫಾರ್ಮ್‌ನಲ್ಲಿ ಕರಗಿ ಕೈಯಲ್ಲೇ ಸೋರುತ್ತದೆ.

ಸೆಂಟ್ರಿಫ್ಯೂಜ್‌ನಿಂದ ತೆಗೆದಾಗ ಮೂರು ಪದರ ಕಾಣಬೇಕು: ಮೇಲೆ ನೀರು-ಮೆಥನಾಲ್, ಕೆಳಗೆ ಕ್ಲೋರೋಫಾರ್ಮ್, ನಡುವೆ ಹಾಲಿನ ಕೆನೆಯಂತೆ ತೆಳುವಾದ ಬಿಳಿ ಬಿಲ್ಲೆ. ಆ ಬಿಲ್ಲೆಯೇ ನಿಮ್ಮ ಪ್ರೋಟೀನ್. ಪಿಪೆಟ್ ತುದಿಯನ್ನು ಟ್ಯೂಬ್‌ನ ಗೋಡೆಗೆ ಒತ್ತಿ ಮೇಲಿನ ಪದರವನ್ನು ಮಾತ್ರ ಹೀರಿ, ಬಿಲ್ಲೆಯ ಮೇಲೆ ಸ್ವಲ್ಪ ದ್ರವ ಉಳಿದರೂ ಚಿಂತೆಯಿಲ್ಲ. 1.5 ಮಿಲಿಲೀಟರ್ ಮೆಥನಾಲ್ ಹಾಕಿ ಮೆಲ್ಲಗೆ ಮಗುಚಿ, ಮತ್ತೆ ತಿರುಗಿಸಿದರೆ ಬಿಲ್ಲೆ ತಳಕ್ಕಿಳಿದು ಪೆಲೆಟ್ ಆಗುತ್ತದೆ.

ಪೆಲೆಟ್ ಅನ್ನು ತೆರೆದಿಟ್ಟು ಕೆಲವೇ ನಿಮಿಷ ಆರಿಸಿ. ಗಾಜಿನ ಚೂರಿನಂತೆ ಒಣಗಿದ ಪೆಲೆಟ್ ಕರಗುವುದು ಕಷ್ಟ. 4 ಶತಾಂಶ ಎಸ್‌ಡಿಎಸ್ ಇರುವ ಬಫರ್ ಹಾಕಿ 37 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಪಿಪೆಟ್‌ನಿಂದ ಮೇಲೆ ಕೆಳಗೆ ಆಡಿಸಿ. ಕಣ್ಣಿಗೆ ಚೂರುಗಳು ಕಾಣುತ್ತಿದ್ದರೆ ಮುಂದೆ ಹೋಗಬೇಡಿ.

ಮೂರನೆಯ ತೊಳೆತ ಮುಗಿದು ಪೆಲೆಟ್ ಪೂರ್ತಿ ಕರಗಿದ ಮೇಲಷ್ಟೇ ಮಾದರಿಯನ್ನು ಪ್ಲಸ್, ಮೈನಸ್ ಎಂದು ಎರಡು ಪಾಲು ಮಾಡಿ. ಕೋಶ ಒಡೆಯುವಾಗಲೇ ಪಾಲು ಮಾಡಿದರೆ ಎರಡರ ಮುಚ್ಚುವಿಕೆಯೂ ಬೇರೆಬೇರೆಯಾಗಿ, ಕೊನೆಗೆ ಯಾವುದನ್ನು ಯಾವುದಕ್ಕೆ ಹೋಲಿಸಬೇಕೆಂಬುದೇ ಗೊಂದಲವಾಗುತ್ತದೆ.

## ಹಂತ 6: ಕತ್ತರಿಸಿ ಬಯೋಟಿನ್ ಅಂಟಿಸುವುದು

ಪ್ರತಿ ಟ್ಯೂಬ್‌ನ ಒಟ್ಟು ಅಳತೆ 400 ಮೈಕ್ರೋಲೀಟರ್ ಎಂದಿಟ್ಟುಕೊಳ್ಳಿ. ಪ್ಲಸ್ ಟ್ಯೂಬ್‌ಗೆ 140 ಮೈಕ್ರೋಲೀಟರ್ ಹೈಡ್ರಾಕ್ಸಿಲಮೈನ್ ಹಾಕಿದರೆ 0.7 ಮೋಲಾರ್ ಆಗುತ್ತದೆ. ಮೈನಸ್ ಟ್ಯೂಬ್‌ಗೆ ಅಷ್ಟೇ ಅಳತೆಯ, ಅದೇ ಪಿಎಚ್‌ನ, 2 ಮೋಲಾರ್ ಸೋಡಿಯಂ ಕ್ಲೋರೈಡ್. ಬರೀ ನೀರು ಹಾಕಿದರೆ ಎರಡು ಟ್ಯೂಬ್‌ಗಳ ಉಪ್ಪಿನಂಶ ಅಜಗಜಾಂತರವಾಗುತ್ತದೆ. ಎರಡಕ್ಕೂ 0.2 ಶತಾಂಶ ಟ್ರೈಟಾನ್, ಜೊತೆಗೆ 1 ಮಿಲಿಮೋಲಾರ್ ಎಚ್‌ಪಿಡಿಪಿ-ಬಯೋಟಿನ್. ಬಯೋಟಿನ್ ಎರಡಕ್ಕೂ ಬೀಳಬೇಕು. ಮೈನಸ್‌ಗೆ ಬಯೋಟಿನ್ ಹಾಕದೆ "ಹಿನ್ನೆಲೆ ಸ್ವಚ್ಛವಾಗಿದೆ" ಎಂದು ಸಂಭ್ರಮಿಸಿದವರನ್ನು ಕಂಡಿದ್ದೇನೆ.

ಎಚ್‌ಪಿಡಿಪಿ-ಬಯೋಟಿನ್ ನೀರಿನಲ್ಲಿ ಸುಲಭಕ್ಕೆ ಕರಗದು. ಡಿಎಂಎಸ್‌ಒನಲ್ಲಿ ಪೂರ್ತಿ ಕರಗಿಸಿ, ಕದಡುತ್ತ ಹನಿಹನಿಯಾಗಿ ಸೇರಿಸಿ. ಕೋಣೆಯ ಉಷ್ಣತೆಯಲ್ಲಿ 1 ಗಂಟೆ. ನಂತರ ಮತ್ತೆ ಕ್ಲೋರೋಫಾರ್ಮ್-ಮೆಥನಾಲ್‌ನಿಂದ ತೊಳೆದು ಬಿಡಿ ಬಯೋಟಿನ್ ತೆಗೆಯಿರಿ. ಇಲ್ಲವಾದರೆ ಮಣಿಗಳನ್ನೆಲ್ಲ ಅದೇ ತುಂಬಿಕೊಳ್ಳುತ್ತದೆ.

ಇಲ್ಲಿಂದ ಮಣಿಗಳಿಂದ ಬಿಡಿಸಿಕೊಳ್ಳುವವರೆಗೆ ಡಿಟಿಟಿ, ಮರ್ಕ್ಯಾಪ್ಟೋಎಥನಾಲ್, ಟಿಸಿಇಪಿ ಯಾವುದೂ ಹತ್ತಿರ ಸುಳಿಯಬಾರದು. ಬಯೋಟಿನ್ ಈಗ ಡೈಸಲ್ಫೈಡ್ ಬಂಧದಿಂದ ನೇತಾಡುತ್ತಿದೆ.

## ಹಂತ 7: ಮಣಿಗಳಲ್ಲಿ ಹಿಡಿಯುವುದು

ಪೆಲೆಟ್ ಅನ್ನು ಸ್ವಲ್ಪವೇ ಎಸ್‌ಡಿಎಸ್ ಬಫರ್‌ನಲ್ಲಿ ಕರಗಿಸಿ, ಎಸ್‌ಡಿಎಸ್ 0.1 ಶತಾಂಶಕ್ಕಿಳಿಯುವಷ್ಟು ಟ್ರೈಟಾನ್ ಬಫರ್ ಸೇರಿಸಿ. ಮಣಿ ಹಾಕುವ ಮುಂಚೆ ಎರಡೂ ಟ್ಯೂಬ್‌ಗಳಿಂದ 5 ಶತಾಂಶ ತೆಗೆದಿಡಿ. ಇದು ಇನ್‌ಪುಟ್. ತೆಗೆದಿಡುವುದು ಮರೆತರೆ ಬ್ಲಾಟ್ ಎಷ್ಟು ಚಂದವಿದ್ದರೂ ಏನೂ ಹೇಳಲಾಗದು.

ಮಣಿಗಳೊಂದಿಗೆ 90 ನಿಮಿಷ ತಿರುಗಿಸಿ, 0.5 ಮೋಲಾರ್ ಉಪ್ಪಿರುವ ಬಫರ್‌ನಲ್ಲಿ ನಾಲ್ಕು ಬಾರಿ ತೊಳೆಯಿರಿ. ಬಿಡಿಸಿಕೊಳ್ಳಲು 1 ಶತಾಂಶ ಮರ್ಕ್ಯಾಪ್ಟೋಎಥನಾಲ್ ಇರುವ ಬಫರ್, 37 ಡಿಗ್ರಿ, 15 ನಿಮಿಷ. ಮಣಿಗಳನ್ನು ಕುದಿಸುವ ಅಭ್ಯಾಸ ಬಿಡಿ: ಪೈರುವೇಟ್ ಕಾರ್ಬಾಕ್ಸಿಲೇಸ್‌ನಂಥ, ಹುಟ್ಟಿನಿಂದಲೇ ಬಯೋಟಿನ್ ಹೊತ್ತ ಪ್ರೋಟೀನ್‌ಗಳೂ ಮಣಿಗೆ ಅಂಟಿರುತ್ತವೆ. ಡೈಸಲ್ಫೈಡ್ ಕಡಿದರೆ ಅವು ಅಲ್ಲೇ ಉಳಿಯುತ್ತವೆ, ಕುದಿಸಿದರೆ ಕೆಳಗಿಳಿಯುತ್ತವೆ. ಪೊರೆಯಲ್ಲಿ ಹಲವು ಸಲ ಒಳಹೊರಗೆ ಹಾಯುವ ಪ್ರೋಟೀನ್‌ಗಳಂತೂ ಕುದಿಸಿದರೆ ಗಂಟುಗಟ್ಟಿ ಜೆಲ್‌ನ ಬಾಯಲ್ಲೇ ಕೂರುತ್ತವೆ.

## ಹಂತ 8: ಬ್ಲಾಟ್ ಓದುವುದು

ನಿಮ್ಮ ಪ್ರೋಟೀನ್‌ಗಿಂತ ಮೊದಲು ಕ್ಯಾಲ್‌ನೆಕ್ಸಿನ್ ನೋಡಿ. ಅದು ಕೋಶದಲ್ಲಿ ಯಥೇಚ್ಛವಾಗಿರುವ, ಪಾಲ್ಮಿಟೇಟ್ ಹೊತ್ತ ಪ್ರೋಟೀನ್. ಪ್ಲಸ್‌ನಲ್ಲಿ ಗಟ್ಟಿಯಾಗಿ, ಮೈನಸ್‌ನಲ್ಲಿ ಇಲ್ಲವೆನ್ನುವಷ್ಟು ಬಂದರೆ ಪರೀಕ್ಷೆ ನಡೆದಿದೆ ಎಂದರ್ಥ. ನೆಗೆಟಿವ್ ಕಂಟ್ರೋಲ್ ಆಗಿ ಜಿಎಪಿಡಿಎಚ್ ಇಟ್ಟುಕೊಳ್ಳಬಹುದು. ಟ್ಯೂಬುಲಿನ್ ಬೇಡ, ಅದಕ್ಕೇ ಪಾಲ್ಮಿಟೇಟ್ ಅಂಟುವ ವರದಿಗಳಿವೆ.

ಎರಡೂ ಲೇನ್‌ಗಳಲ್ಲಿ ಬ್ಯಾಂಡ್: ಮುಚ್ಚುವಿಕೆ ಕೈಕೊಟ್ಟಿದೆ. ಹಂತ 4ಕ್ಕೆ ಮರಳಿ. ಮೈನಸ್ ಬ್ಯಾಂಡ್‌ನ ಬೆಲೆಯನ್ನು ಪ್ಲಸ್‌ನಿಂದ ಕಳೆದು ಗ್ರಾಫ್ ಮಾಡುವ ಆಸೆಯನ್ನು ತಡೆದುಕೊಳ್ಳಿ.

ಎರಡೂ ಖಾಲಿ, ಕ್ಯಾಲ್‌ನೆಕ್ಸಿನ್ ಕೂಡ ಇಲ್ಲ: ಹೈಡ್ರಾಕ್ಸಿಲಮೈನ್‌ನ ಪಿಎಚ್, ಉಳಿದುಹೋದ ಎನ್‌ಇಎಂ, ಕರಗದ ಎಚ್‌ಪಿಡಿಪಿ. ಇದೇ ಅನುಕ್ರಮದಲ್ಲಿ ಶಂಕಿಸಿ.

ಕ್ಯಾಲ್‌ನೆಕ್ಸಿನ್ ಇದೆ, ನಿಮ್ಮದಿಲ್ಲ: ಕೊಬ್ಬು ಇಲ್ಲದಿರಬಹುದು, ಅಥವಾ ಅಂಟಿದ ವೇಗದಲ್ಲೇ ಕಳಚುತ್ತಿರಬಹುದು. ಪಾಲ್ಮಿಟೇಟ್ ಕಳಚುವ ಎಪಿಟಿ ಮತ್ತು ಎಬಿಎಚ್‌ಡಿ17 ಕಿಣ್ವಗಳನ್ನು ಪಾಲ್ಮೊಸ್ಟಾಟಿನ್ ಬಿ ತಡೆಯುತ್ತದೆ. ಅದನ್ನು ಕೊಟ್ಟು ಮತ್ತೊಮ್ಮೆ ನೋಡಿ.

ಇನ್‌ಪುಟ್‌ಗಳೇ ಒಂದಕ್ಕೊಂದು ಹೊಂದುತ್ತಿಲ್ಲ: ಒಂದು ಟ್ಯೂಬ್‌ನ ಬಿಲ್ಲೆ ಪಿಪೆಟ್‌ನಲ್ಲಿ ಹೊರಟುಹೋಗಿದೆ. ಹಂತ 5.

ಪ್ಲಸ್‌ನಲ್ಲಿ ಮಾತ್ರ ಬ್ಯಾಂಡ್ ಬಂದರೂ ಅದು ಕೊಬ್ಬೇ ಆಗಿರಬೇಕೆಂದಿಲ್ಲ. ಯುಬಿಕ್ವಿಟಿನ್ ಸಾಗಿಸುವ ಇ1, ಇ2 ಕಿಣ್ವಗಳು ಯುಬಿಕ್ವಿಟಿನ್ ಅನ್ನು ಹಿಡಿದಿಡುವುದೂ ಥಯೋಎಸ್ಟರ್‌ನಿಂದಲೇ. ಲಿಪೋಯಿಕ್ ಆಮ್ಲ ಹೊತ್ತ ಕಿಣ್ವಗಳೂ ಹೀಗೇ ಯಾಮಾರಿಸುತ್ತವೆ. ಇನ್ನೊಂದು: ಕೊಬ್ಬೇ ಆಗಿದ್ದರೂ ಅದು ಪಾಲ್ಮಿಟೇಟೋ ಸ್ಟಿಯರೇಟೋ ಎಂಬುದನ್ನು ಈ ಪರೀಕ್ಷೆ ಹೇಳಲಾರದು.

## ಹಂತ 9: ಎಷ್ಟು ಪಾಲು ಪ್ರೋಟೀನ್‌ಗೆ, ಎಷ್ಟು ಕಡೆ?

ಬಯೋಟಿನ್ ವಿಧಾನ "ಇದೆ" ಎನ್ನುತ್ತದೆ. ಎಷ್ಟೆಂದು ತಿಳಿಯಬೇಕಾದರೆ ಬಯೋಟಿನ್ ಜಾಗದಲ್ಲಿ 5 ಅಥವಾ 10 ಕಿಲೋಡಾಲ್ಟನ್‌ನ ಪೆಗ್-ಮಲಿಮೈಡ್ (ಸಿಸ್ಟೀನ್‌ಗೆ ಅಂಟುವ ಭಾರದ ಪಾಲಿಮರ್) ಬಳಸಿ. ಒಂದು ಸಿಸ್ಟೀನ್‌ಗೆ ಒಂದು ಪೆಗ್ ಅಂಟುವುದರಿಂದ ಬ್ಯಾಂಡ್ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಎರಡು ಮೆಟ್ಟಿಲು ಕಂಡರೆ ಎರಡು ಜಾಗ. ಪೆಗ್ ಜೆಲ್‌ನಲ್ಲಿ ತನ್ನ ತೂಕಕ್ಕಿಂತ ಹೆಚ್ಚು ಎಳೆಯುತ್ತದೆ, ಆದ್ದರಿಂದ ಕಿಲೋಡಾಲ್ಟನ್ ಲೆಕ್ಕಕ್ಕೆ ಸರಿಹೊಂದಲಿಲ್ಲವೆಂದು ಗಾಬರಿಬೇಡ. ಇಲ್ಲಿ ಹೈಡ್ರಾಕ್ಸಿಲಮೈನ್ ಅನ್ನು ತೊಳೆದು ತೆಗೆದ ಮೇಲೆಯೇ ಪೆಗ್ ಹಾಕಬೇಕು. ಮಣಿ ಬೇಕಿಲ್ಲ, ಮಾದರಿಯೂ ಕಡಿಮೆ ಸಾಕು. ಹೊಸಬರು ಇದರಿಂದಲೇ ಶುರುಮಾಡಿದರೂ ತಪ್ಪಿಲ್ಲ ಎಂದು ನನಗನ್ನಿಸುತ್ತದೆ.

## ಹಂತ 10: ಕೊಬ್ಬು ಹೋದರೆ ಪ್ರೋಟೀನ್‌ನ ಕೆಲಸ ಏನಾಗುತ್ತದೆ?

ಸಿಸ್ಟೀನ್ ಅನ್ನು ಸೆರಿನ್‌ಗೆ ಬದಲಿಸಿ, ಒಂದೊಂದಾಗಿಯೂ ಒಟ್ಟಾಗಿಯೂ. ಎಚ್-ರಾಸ್ ಒಳ್ಳೆಯ ಪಾಠ. ಅದರ 186ನೇ ಸಿಸ್ಟೀನ್‌ಗೆ ಫಾರ್ನೆಸಿಲ್, 181 ಮತ್ತು 184ಕ್ಕೆ ಪಾಲ್ಮಿಟೇಟ್. 181, 184ನ್ನು ಬದಲಿಸಿದರೆ ಪ್ರೋಟೀನ್ ಹೊರಪೊರೆ ಬಿಟ್ಟು ಒಳಪೊರೆಗಳಲ್ಲೂ ಕೋಶರಸದಲ್ಲೂ ಹರಡಿಕೊಳ್ಳುತ್ತದೆ. 186ನ್ನು ಬದಲಿಸಿದರೆ ಫಾರ್ನೆಸಿಲ್ ಹೋಗುವುದರ ಜೊತೆಗೆ ಪಾಲ್ಮಿಟೇಟ್ ಕೂಡ ಹೋಗುತ್ತದೆ. ಅಲ್ಲಿಗೆ "186ಕ್ಕೆ ಪಾಲ್ಮಿಟೇಟ್ ಅಂಟುತ್ತದೆ" ಎಂದು ತೀರ್ಮಾನಿಸಿದರೆ ಕೆಟ್ಟಿರಿ. ಫಿನ್ ಕೈನೇಸ್‌ನಲ್ಲೂ ಇದೇ ಬಲೆ: ಎರಡನೆಯ ಸ್ಥಾನದ ಗ್ಲೈಸಿನ್ ಬದಲಿಸಿದರೆ ಮಿರಿಸ್ಟೇಟ್ ತಪ್ಪಿ, 3 ಮತ್ತು 6ನೇ ಸಿಸ್ಟೀನ್‌ಗಳಿಗೆ ಪಾಲ್ಮಿಟೇಟೂ ತಪ್ಪುತ್ತದೆ.

ಬದಲಿಸಿದ ಪ್ರೋಟೀನ್ ಎಲ್ಲಿದೆ ಎಂದು ಎರಡು ದಾರಿಯಿಂದ ನೋಡಿ. ಮೈಕ್ರೋಸ್ಕೋಪ್ ಒಂದು. ಡಿಟರ್ಜೆಂಟ್ ಇಲ್ಲದೆ ಕೋಶ ಒಡೆದು 1,00,000 ಜಿ ವೇಗದಲ್ಲಿ ಒಂದು ಗಂಟೆ ತಿರುಗಿಸಿ ಪೊರೆ-ಕೋಶರಸ ಬೇರ್ಪಡಿಸುವುದು ಇನ್ನೊಂದು. ಬದಲಿಸಿದ ಪ್ರೋಟೀನ್‌ನ ಪ್ರಮಾಣವೂ ಮೂಲದಷ್ಟೇ ಇದೆಯೇ ನೋಡಿ. ಕೊಬ್ಬಿಲ್ಲದ ಪ್ರೋಟೀನ್ ಬೇಗ ಕೊಳೆತುಹೋಗುವುದುಂಟು, ಆಗ ನೀವು ಅಳೆಯುತ್ತಿರುವುದು ಕೊಬ್ಬಿನ ಪರಿಣಾಮವನ್ನಲ್ಲ, ಪ್ರೋಟೀನ್‌ನ ಕೊರತೆಯನ್ನು.

ಸಿಸ್ಟೀನ್ ಹೋದಾಗ ಕೊಬ್ಬಿನ ಜೊತೆ ಸಿಸ್ಟೀನ್ ಮಾಡುತ್ತಿದ್ದ ಬೇರೆ ಕೆಲಸವೂ ಹೋಗಿರುತ್ತದೆ. ಅದಕ್ಕೇ ಪ್ರೋಟೀನ್ ಅನ್ನು ಮುಟ್ಟದೆ, ಕೊಬ್ಬು ಅಂಟಿಸುವ ಕಿಣ್ವವನ್ನು ಇಳಿಸಿಯೂ ನೋಡಬೇಕು. ಬಹಳ ಮಂದಿ ಇಲ್ಲಿ 2-ಬ್ರೋಮೋಪಾಲ್ಮಿಟೇಟ್‌ಗೆ ಕೈಹಾಕುತ್ತಾರೆ. ಅದು ಡಿಎಚ್‌ಎಚ್‌ಸಿ ಕಿಣ್ವಗಳನ್ನು ತಡೆಯುವುದು ನಿಜ, ಆದರೆ ಕೊಬ್ಬು ಕಳಚುವ ಎಪಿಟಿ1, ಎಪಿಟಿ2ನ್ನೂ ತಡೆಯುತ್ತದೆ, ಕೋಶದ ಉಳಿದ ಕೊಬ್ಬಿನ ವ್ಯವಹಾರದಲ್ಲೂ ಮೂಗು ತೂರಿಸುತ್ತದೆ. ಅದೊಂದನ್ನೇ ನೆಚ್ಚಿ ಬರೆದ ತೀರ್ಮಾನ ನಿಲ್ಲುವುದಿಲ್ಲ. ನಿರ್ದಿಷ್ಟ ಡಿಎಚ್‌ಎಚ್‌ಸಿ ಜೀನ್ ಅನ್ನು ತೆಗೆದ ಕೋಶಗಳಲ್ಲಿ ಹಂತ 4ರಿಂದ 8ರವರೆಗೆ ಮತ್ತೆ ಮಾಡಿ. ಬ್ಯಾಂಡ್ ಕುಗ್ಗಿದರೆ ಅದೇ ಜೀನ್ ಅನ್ನು ಮರಳಿ ಕೊಡಿ, ಜೊತೆಗೆ ಡಿಎಚ್‌ಎಚ್‌ಸಿ ತುಣುಕಿನ ಸಿಸ್ಟೀನ್ ಕೆಡಿಸಿದ ನಿಷ್ಕ್ರಿಯ ರೂಪವನ್ನು ಬೇರೊಂದು ತಟ್ಟೆಯ ಕೋಶಗಳಿಗೆ ಕೊಡಿ. ಮೊದಲನೆಯದರಲ್ಲಿ ಬ್ಯಾಂಡ್ ಮರಳಬೇಕು, ಎರಡನೆಯದರಲ್ಲಿ ಮರಳಬಾರದು.